ಮಲಗುವ ಕೋಣೆಗೊಂದು ಚೆಂದದ ಟೈಂಪೀಸ್: ಆರಿಸುವುದು, ಪರೀಕ್ಷಿಸುವುದು, ಹೊಂದಿಸುವುದು

ಟೈಂಪೀಸ್ ಕೊಳ್ಳುವುದು ಹಗಲು ಹೊತ್ತಿನಲ್ಲಿ, ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನಿಂತುಕೊಂಡು. ಅದನ್ನು ನೋಡುವುದು ರಾತ್ರಿ ಎರಡು ಗಂಟೆಗೆ, ಮಲಗಿದಲ್ಲಿಂದಲೇ, ಕನ್ನಡಕವಿಲ್ಲದೆ. ಫೋಟೊದಲ್ಲಿ ಚೆಂದ ಕಂಡಿತೆಂದು ತಂದ ಎಷ್ಟೋ ಅಲಾರಂ ಗಡಿಯಾರಗಳು ಕೆಲವೇ ತಿಂಗಳಲ್ಲಿ ಬೀರುವಿನ ಮೇಲೆ ಧೂಳು ಹಿಡಿದು ಕೂರುವುದಕ್ಕೆ ಇದೇ ಕಾರಣ. ಒಂದು ಟಿಕ್ ಟಿಕ್ ಎಂದು ನಿದ್ದೆ ಕೆಡಿಸುತ್ತದೆ, ಇನ್ನೊಂದು ಕೋಣೆಯನ್ನೆಲ್ಲ ನೀಲಿ ಬೆಳಕಿನಲ್ಲಿ ಮುಳುಗಿಸುತ್ತದೆ, ಮತ್ತೊಂದು ಐದೂವರೆಗೆ ಇಟ್ಟರೆ ಐದೂ ಮುಕ್ಕಾಲಿಗೆ ಹೊಡೆಯುತ್ತದೆ. ಆದ್ದರಿಂದ ಮೊದಲು ಜಾಗ, ಆಮೇಲೆ ಯಂತ್ರ, ಬೆಳಕು, ಸದ್ದು. ಈ ನಾಲ್ಕು ಗಟ್ಟಿಯಾದ ಮೇಲೆ ರೂಪ ಆರಿಸಿ. ಆಗ ಮನಸ್ಸಿಗೆ ಹಿಡಿಸಿದ್ದನ್ನು ಧೈರ್ಯವಾಗಿ ತರಬಹುದು.

1. ಜಾಗ ಅಳೆಯಿರಿ

ಹಾಸಿಗೆಯ ಮೇಲೆ ನೀವು ದಿನಾ ಮಲಗುವ ಹಾಗೆಯೇ ಮಲಗಿ, ತಲೆ ದಿಂಬಿನ ಮೇಲಿರಲಿ. ಪಕ್ಕಕ್ಕೆ ಕೈ ಚಾಚಿ. ಬೆರಳು ಸಲೀಸಾಗಿ ಮುಟ್ಟುವ ಜಾಗ ಯಾವುದೋ ಅದೇ ಟೈಂಪೀಸಿನ ಜಾಗ. ಸಾಮಾನ್ಯವಾಗಿ ಅದು ದಿಂಬಿನಿಂದ 50–60 ಸೆಂ.ಮೀ. ಒಳಗೇ ಇರುತ್ತದೆ. ಮಂಚದ ಪಕ್ಕದ ಮೇಜು ಹಾಸಿಗೆಯ ಮೇಲ್ಮಟ್ಟಕ್ಕೆ ಸಮನಾಗಿ ಅಥವಾ ನಾಲ್ಕೈದು ಸೆಂ.ಮೀ. ಎತ್ತರದಲ್ಲಿದ್ದರೆ ಗಡಿಯಾರದ ಮುಖ ಮಲಗಿದವರ ಕಣ್ಣಿನ ನೇರಕ್ಕೆ ಬರುತ್ತದೆ. ಮೇಜು ತಗ್ಗಾಗಿದ್ದರೆ ಮುಖ ಸ್ವಲ್ಪ ಮೇಲಕ್ಕೆ ವಾಲಿರುವ ಮಾದರಿ ಬೇಕಾಗುತ್ತದೆ. ಇಲ್ಲವಾದರೆ ಮೇಲಿನ ಅಂಚಷ್ಟೇ ಕಂಡು ಸಮಯ ಕಾಣುವುದಿಲ್ಲ.

ಮೇಜಿನ ಅಗಲ, ಆಳ ಎರಡನ್ನೂ ಟೇಪಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. 40 ಸೆಂ.ಮೀ. ಅಗಲದ ಮೇಜಿನ ಮೇಲೆ ನೀರಿನ ಚೊಂಬು, ಪುಸ್ತಕ, ಕನ್ನಡಕ, ಮೊಬೈಲ್ ಎಲ್ಲವೂ ಇರುವುದರಿಂದ 8ರಿಂದ 12 ಸೆಂ.ಮೀ. ಅಗಲದ ಗಡಿಯಾರವೇ ಹಿತ. 15 ದಾಟಿದರೆ ಮೇಜೆಲ್ಲ ಅದರದ್ದೇ ಆಗುತ್ತದೆ. ಹಳೆಯ ಮನೆಗಳ ಗೋಡೆಯ ಗೂಡು ಇದಕ್ಕೆ ಒಳ್ಳೆಯ ಜಾಗ. ಆದರೆ ಗೂಡಿನೊಳಗೆ ಗಂಟೆಯ ಸದ್ದು ಗುಂಯ್ ಎಂದು ಹೆಚ್ಚುತ್ತದೆ ಎಂಬುದು ನೆನಪಿರಲಿ. ಕಿಟಕಿಯ ಕಟ್ಟೆ ಬೇಡ. ನೇರ ಬಿಸಿಲಿಗೆ ಬಿಳಿ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಎಲ್‌ಸಿಡಿ ಪರದೆ ಕಪ್ಪಿಡುತ್ತದೆ, ಮಳೆಗಾಲದ ಇರಚಲು ಸೆಲ್ಲಿನ ತಗಡಿಗೆ ತುಕ್ಕು ಹಿಡಿಸುತ್ತದೆ.

ಸೊಳ್ಳೆ ಪರದೆ ಕಟ್ಟುವವರು ಇನ್ನೊಂದು ಪರೀಕ್ಷೆ ಮಾಡಬೇಕು. ಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದ ಮೇಲೆ ಕೈ ಹೊರಗೆ ಹೋಗುವುದಿಲ್ಲ. ಪರದೆಯ ಬಟ್ಟೆಯ ಮೇಲಿಂದಲೇ ಒತ್ತಿ ಅಲಾರಂ ನಿಲ್ಲಿಸುವಂತಿರಬೇಕು. ಅದಕ್ಕೆ ತಲೆಯ ಮೇಲೆ ಅಗಲವಾದ ಒಂದೇ ಗುಂಡಿ ಇರುವ ಮಾದರಿಯೇ ಸರಿ. ಹಿಂಬದಿಯ ಸಣ್ಣ ಸ್ವಿಚ್ಚು ಇರುವುದು ಎಷ್ಟೇ ಅಂದವಾಗಿದ್ದರೂ ನಿಮಗಲ್ಲ.

2. ಯಂತ್ರ ಯಾವುದು?

ಕೀ ಕೊಡುವ ಗಡಿಯಾರ. ಹಿಂಬದಿಯಲ್ಲಿ ಎರಡು ಕೀಲಿಗಳಿರುತ್ತವೆ, ಒಂದು ಸಮಯದ ಸ್ಪ್ರಿಂಗಿಗೆ, ಇನ್ನೊಂದು ಅಲಾರಂ ಸ್ಪ್ರಿಂಗಿಗೆ. ಒಮ್ಮೆ ಕೀ ಕೊಟ್ಟರೆ 30 ಗಂಟೆಯ ಆಸುಪಾಸು ನಡೆಯುತ್ತದೆ. ಹಾಗಾಗಿ ದಿನವೂ ಒಂದೇ ಹೊತ್ತಿಗೆ, ಮಲಗುವ ಮುಂಚೆ, ಕೀ ಕೊಡುವ ರೂಢಿ ಬೇಕು. ಅಗ್ಗದ ಯಂತ್ರಗಳು ದಿನಕ್ಕೆ ಒಂದೆರಡು ನಿಮಿಷ ಹಿಂದೆ ಮುಂದೆ ಆಗುವುದು ಸಹಜ. ಹಿಂಬದಿಯ ಸಣ್ಣ ಕಡ್ಡಿಯನ್ನು ಒಂದು ಕೂದಲೆಳೆಯಷ್ಟು ಸರಿಸಿ, 24 ಗಂಟೆ ಕಾದು, ಮತ್ತೆ ನೋಡಿ ಸರಿಪಡಿಸಬೇಕು. ಕರೆಂಟು ಬೇಡ, ಸೆಲ್ಲು ಬೇಡ, ಲೋಹದ ಮೈ, ನಿಜವಾದ ಗಂಟೆ. ಆದರೆ ಟಿಕ್ ಟಿಕ್ ಸದ್ದು ಇದರ ಜೀವವೇ ಆದ್ದರಿಂದ ಹಗುರ ನಿದ್ದೆಯವರು ಇದರ ಆಸೆ ಬಿಡುವುದು ಒಳ್ಳೆಯದು.

ಕ್ವಾರ್ಟ್ಜ್ ಮುಳ್ಳಿನ ಗಡಿಯಾರ. ಹೆಚ್ಚಿನವರಿಗೆ ನಾವು ಹೇಳುವುದು ಇದನ್ನೇ. ಒಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸೆಕೆಂಡಿಗೆ ಒಂದು ಮಿಡಿತ ಸಿಗುತ್ತದೆ, ಮುಳ್ಳು ನಡೆಯುವುದು ಅದರ ಮೇಲೆ. ತಿಂಗಳಿಗೆ ಹೆಚ್ಚೆಂದರೆ ಕೆಲವು ಸೆಕೆಂಡಿನಿಂದ ಅರ್ಧ ನಿಮಿಷದವರೆಗೆ ವ್ಯತ್ಯಾಸ ಬರಬಹುದು. ಇದರಲ್ಲಿ ಎರಡು ಜಾತಿ. ಸೆಕೆಂಡ್ ಮುಳ್ಳು ಒಂದೊಂದೇ ಹೆಜ್ಜೆ ಹಾರುವುದು ಟಿಕ್ ಎನ್ನುವ ಜಾತಿ. ಜಾರಿಕೊಂಡು ಸುತ್ತುವುದು ಸದ್ದಿಲ್ಲದ ಜಾತಿ, ಅದನ್ನು ಅಂಗಡಿಯಲ್ಲಿ ಸ್ವೀಪ್ ಅಥವಾ ಸೈಲೆಂಟ್ ಎಂದು ಕೇಳಿ. ಜಾರುವ ಮುಳ್ಳು ಸೆಲ್ಲನ್ನು ಸ್ವಲ್ಪ ಹೆಚ್ಚು ತಿನ್ನುತ್ತದೆ, ಆದರೂ ಅದನ್ನೇ ತನ್ನಿ. ಬೇಸಿಗೆಯಲ್ಲಿ ಫ್ಯಾನಿನ ಸದ್ದಿನಲ್ಲಿ ಟಿಕ್ ಕೇಳುವುದಿಲ್ಲ, ಡಿಸೆಂಬರಿನಲ್ಲಿ ಫ್ಯಾನ್ ನಿಲ್ಲಿಸಿದ ಮೊದಲ ರಾತ್ರಿಯೇ ಅದು ಕಿವಿಗೆ ಬಡಿಯತೊಡಗುತ್ತದೆ. ಗುಜರಾತಿನ ಮೋರ್ಬಿ ನಮ್ಮ ದೇಶದ ಗಡಿಯಾರ ತಯಾರಿಕೆಯ ದೊಡ್ಡ ಊರು. ಅಜಂತಾ, ಓರ್‌ಪ್ಯಾಟ್ ಹೆಸರಿನವು ಬರುವುದು ಅಲ್ಲಿಂದಲೇ. ಸಾದಾ ರೂಪ ಇಷ್ಟವಾಗುವವರಿಗೆ ಕಡಿಮೆ ಬೆಲೆಯಲ್ಲಿ ಚೊಕ್ಕ ಟೈಂಪೀಸು ಇಂಥವುಗಳಲ್ಲೇ ಸಿಗುತ್ತದೆ.

ಎಲ್‌ಇಡಿ ಅಂಕಿಯ ಗಡಿಯಾರ. ಅಲಾರಂ ನಿಮಿಷಕ್ಕೆ ಸರಿಯಾಗಿ ಹೊಡೆಯಲೇಬೇಕು, ವಾರದ ದಿನಕ್ಕೂ ಭಾನುವಾರಕ್ಕೂ ಬೇರೆ ಬೇರೆ ಹೊತ್ತು ಬೇಕು ಎನ್ನುವವರಿಗೆ ಇದು. ಮರದ ತುಂಡಿನೊಳಗಿಂದ ಅಂಕಿ ಹೊಳೆಯುವ ಘನಾಕೃತಿಯ ಗಡಿಯಾರಗಳು ಈಗ ಬಹಳ ಜನಪ್ರಿಯ. ಅವುಗಳಲ್ಲಿ ಹೆಚ್ಚಿನವು ಗಟ್ಟಿ ಮರವಲ್ಲ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಮೇಲೆ ಮರದ ಗೆರೆಯ ಪದರ ಅಂಟಿಸಿದ್ದು. ಕರಾವಳಿಯ, ಮಲೆನಾಡಿನ ಮಳೆಗಾಲದ ಥಂಡಿಗೆ ಮೂಲೆಯಲ್ಲಿ ಪದರ ಏಳುತ್ತದೆ. ಕೊಳ್ಳುವಾಗ ನಾಲ್ಕೂ ಅಂಚಿಗೆ ಉಗುರು ಹಾಯಿಸಿ ನೋಡಿ, ಎಲ್ಲಾದರೂ ಸಿಕ್ಕಿಕೊಂಡರೆ ಬೇಡ. ಇನ್ನೊಂದು ಮಾತು: ಇವು ಸೆಲ್ಲಿನ ಮೇಲೆ ಓಡುತ್ತವೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಅಂಕಿ ಸದಾ ಉರಿಯುತ್ತಿದ್ದರೆ ಸೆಲ್ಲು ಬೇಗ ಮುಗಿಯುತ್ತದೆ. ಅದಕ್ಕೇ ಚಪ್ಪಾಳೆ ತಟ್ಟಿದರೆ ಮಾತ್ರ ಬೆಳಗುವ ವ್ಯವಸ್ಥೆ ಕೊಟ್ಟಿರುತ್ತಾರೆ. ಮಂಚದ ಪಕ್ಕ ಪ್ಲಗ್ ಇದ್ದರೆ ಮಾತ್ರ ಇದನ್ನು ಆರಿಸಿ.

ಪ್ಲಗ್ಗಿನ ಗಡಿಯಾರ ಎಂದ ಮೇಲೆ ಕರೆಂಟು ಹೋಗುವ ಮಾತು ಬರಲೇಬೇಕು. ಒಳಗೆ ಸಿಆರ್2032 ಎಂಬ ಗುಂಡಿಯಾಕಾರದ ಸೆಲ್ಲಿರುತ್ತದೆ. ಹಲವು ಮಾದರಿಗಳಲ್ಲಿ ಅದು ಉಳಿಸುವುದು ಸಮಯವನ್ನು ಮಾತ್ರ. ಅಂಕಿ ಆರಿಹೋಗುತ್ತದೆ, ಅಲಾರಂ ಹೊಡೆಯುವುದಿಲ್ಲ. ಬೆಳಗಿನ ಜಾವ ಐದಕ್ಕೆ ಕರೆಂಟಿಲ್ಲದಿದ್ದರೆ ರೈಲು ತಪ್ಪುತ್ತದೆ. ಪರೀಕ್ಷೆ ಸುಲಭ: ಎರಡು ನಿಮಿಷ ಮುಂದಕ್ಕೆ ಅಲಾರಂ ಇಟ್ಟು ಪ್ಲಗ್ ಕಿತ್ತು ಕಾಯಿರಿ. ಹೊಡೆಯದಿದ್ದರೆ ಅದನ್ನು ಯುಪಿಎಸ್ ಲೈನಿನ ಪ್ಲಗ್ಗಿಗೆ ಹಾಕಬೇಕು, ಅಥವಾ ಬೇರೆ ಮಾದರಿ ನೋಡಬೇಕು.

ಸೂರ್ಯೋದಯದ ದೀಪವಿರುವ ಗಡಿಯಾರ. ಏಳುವ ಹೊತ್ತಿಗೆ 20–30 ನಿಮಿಷ ಮುಂಚಿನಿಂದ ದೀಪ ಮಂದ ಕೆಂಪಿನಿಂದ ಬೆಳ್ಳನೆಯ ಬೆಳಕಿನವರೆಗೆ ನಿಧಾನವಾಗಿ ಏರುತ್ತದೆ. ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಮೇ–ಜೂನ್‌ನಲ್ಲಿ ಆರಕ್ಕೆ ಸ್ವಲ್ಪ ಮುಂಚೆ, ಜನವರಿ ಕೊನೆಯಲ್ಲಿ ಆರೂ ಮುಕ್ಕಾಲರ ಹೊತ್ತಿಗೆ. ಏಳಕ್ಕೆ ಏಳುವವರಿಗೆ ಕಿಟಕಿಯ ಪರದೆ ಅರ್ಧ ಸರಿಸಿದರೆ ಸಾಕು, ದುಡ್ಡು ಉಳಿಯುತ್ತದೆ. ನಾಲ್ಕೂವರೆ, ಐದಕ್ಕೆ ಓದಲು ಏಳುವ ಮಕ್ಕಳಿಗೆ, ಬೆಳಗಿನ ಪಾಳಿಯವರಿಗೆ ಇದು ನಿಜವಾಗಿಯೂ ಉಪಕಾರಿ. ದೀಪ ಮುಖದಿಂದ 40–50 ಸೆಂ.ಮೀ. ದೂರದಲ್ಲಿರಲಿ. ಸೊಳ್ಳೆ ಪರದೆ ಇದ್ದರೆ ಬೆಳಕು ತಗ್ಗುತ್ತದೆ, ಇನ್ನಷ್ಟು ಹತ್ತಿರ ಇಡಿ.

3. ಕತ್ತಲಲ್ಲಿ ಕಾಣುವ ಬೆಳಕು

ಕಣ್ಣಿನೊಳಗೆ ಹಗಲು–ರಾತ್ರಿಯ ಲೆಕ್ಕ ಇಡುವ ಕೋಶಗಳು ನೀಲಿ ಬೆಳಕಿಗೆ, ಅಂದರೆ 480 ನ್ಯಾನೊಮೀಟರ್ ಆಸುಪಾಸಿನ ಬೆಳಕಿಗೆ, ಹೆಚ್ಚು ಸ್ಪಂದಿಸುತ್ತವೆ. ನಿದ್ದೆಗೆ ಬೇಕಾದ ಮೆಲಟೋನಿನ್ ಹಾರ್ಮೋನು ತಗ್ಗುವುದು ಅದರಿಂದ. ಕೆಂಪು, ಕಿತ್ತಳೆ ಬೆಳಕಿನಿಂದ ಆ ತೊಂದರೆ ತೀರ ಕಡಿಮೆ. ಆದ್ದರಿಂದ ಎಲ್‌ಇಡಿ ಕೊಳ್ಳುವುದಾದರೆ ಕೆಂಪು ಅಥವಾ ಅಂಬರ್ ಬಣ್ಣದ ಅಂಕಿ ಆರಿಸಿ. ಬಿಳಿ ಅಂಕಿಯೇ ಕೋಣೆಗೆ ಒಪ್ಪುತ್ತದೆ ಎನಿಸಿದರೆ ಬೆಳಕನ್ನು ಮೂರು ಹಂತದಲ್ಲಾದರೂ ತಗ್ಗಿಸುವ, ಪೂರ್ತಿ ಆರಿಸುವ ಸೌಕರ್ಯ ಇರಲಿ. ಪರೀಕ್ಷೆ ಮಾಡಬೇಕಾದ್ದು ಅತಿ ಕಡಿಮೆ ಹಂತವನ್ನು. ಅಂಗಡಿಯಲ್ಲಿ ಗಡಿಯಾರವನ್ನು ಪೆಟ್ಟಿಗೆಯೊಳಗೆ ಇಟ್ಟು, ಮುಚ್ಚಳದ ಸಂದಿಯಿಂದ ನೋಡಿ. ಪೆಟ್ಟಿಗೆಯ ಒಳಗೋಡೆ ಬೆಳಗುತ್ತಿದ್ದರೆ ನಿಮ್ಮ ಕೋಣೆಯ ಗೋಡೆಯೂ ಬೆಳಗುತ್ತದೆ.

ಅಂಕಿಯ ಗಾತ್ರ ಕನ್ನಡಕದ ಪವರಿಗೆ ತಕ್ಕಂತಿರಬೇಕು. ಮೈನಸ್ 3 ಪವರಿನವರಿಗೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವುದು ಸುಮಾರು 33 ಸೆಂ.ಮೀ.ವರೆಗೆ ಮಾತ್ರ. ಕೈಯಳತೆಯ ದೂರದಲ್ಲಿ 25 ಮಿ.ಮೀ. ಎತ್ತರದ ಅಂಕಿ ಮಸುಕಾದರೂ ಓದಲು ಬರುತ್ತದೆ, ಕೋಣೆಯ ಆ ತುದಿಯಲ್ಲಿಟ್ಟರೆ ಬರೀ ಬೆಳಕಿನ ಮುದ್ದೆ.

ಮುಳ್ಳಿನ ಗಡಿಯಾರದಲ್ಲಿ ನೋಡಬೇಕಾದ್ದು ಎರಡು: ಒತ್ತಿದರೆ ಹತ್ತುವ ಸಣ್ಣ ದೀಪ, ಅಥವಾ ಮುಳ್ಳುಗಳಿಗೆ ಬಳಿದ ಹೊಳೆಯುವ ಬಣ್ಣ. ನಾವೆಲ್ಲ ‘ರೇಡಿಯಂ’ ಎಂದು ಕರೆಯುವ ಈ ಬಣ್ಣ ಈಗ ರೇಡಿಯಂ ಅಲ್ಲ. ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ, ವಿಕಿರಣವಿಲ್ಲದ ವಸ್ತು. ಹಗಲಿನ ಬೆಳಕು ಕುಡಿದು ರಾತ್ರಿ ಕೆಲವು ಗಂಟೆ ಹೊಳೆಯುತ್ತದೆ, ನಸುಕಿಗೆ ಮಂಕಾಗುತ್ತದೆ. ಅಂಗಡಿಯಲ್ಲಿ ಮುಖಕ್ಕೆ ಎರಡೂ ಅಂಗೈ ಗುಮ್ಮಟದಂತೆ ಮುಚ್ಚಿ ಬೆರಳ ಸಂದಿಯಿಂದ ನೋಡಿ. ಗಂಟೆ ಮುಳ್ಳು ಮತ್ತು ನಿಮಿಷದ ಮುಳ್ಳು ಎರಡೂ ಹೊಳೆಯಬೇಕು, ಹನ್ನೆರಡರ ಜಾಗದಲ್ಲೂ ಒಂದು ಗುರುತು ಹೊಳೆಯಬೇಕು. ಅದಿಲ್ಲದಿದ್ದರೆ ಕತ್ತಲಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ತಿಳಿಯದು.

4. ಸದ್ದು

ಬೀಪ್ ಬೀಪ್ ಎನ್ನುವ ಸಣ್ಣ ಬಜರ್‌ಗಳು ಸಾಮಾನ್ಯವಾಗಿ 2,000 ಹರ್ಟ್ಜ್‌ಗಿಂತ ಮೇಲಿನ ಕೀರಲು ದನಿಯವು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಈ ಮೇಲಿನ ದನಿಗಳನ್ನೇ. ಅಜ್ಜನ ಕೋಣೆಗೆ ತಂದ ಹೊಸ ಟೈಂಪೀಸು ಮನೆಮಂದಿಯನ್ನೆಲ್ಲ ಎಬ್ಬಿಸಿ ಅಜ್ಜನನ್ನು ಮಾತ್ರ ಎಬ್ಬಿಸದಿರುವುದು ಇದರಿಂದಲೇ. ಹಿರಿಯರಿಗೆ ಮತ್ತು ಗಾಢ ನಿದ್ದೆಯ ಮಕ್ಕಳಿಗೆ ದಪ್ಪ ದನಿಯ ಅಲಾರಂ ಅಥವಾ ಲೋಹದ ಗಂಟೆಯೇ ಲೇಸು. ಕಿವಿ ಕೇಳಿಸದವರಿಗೆ ದಿಂಬಿನ ಕೆಳಗಿಡುವ, ನಡುಗುವ ಬಿಲ್ಲೆಯಿರುವ ಗಡಿಯಾರಗಳಿವೆ. ಒಂದೇ ಹಾಸಿಗೆಯಲ್ಲಿ ಬೇರೆ ಬೇರೆ ಹೊತ್ತಿಗೆ ಏಳುವ ದಂಪತಿಗೂ ಅದು ಸೈ.

ಎರಡು ಗಂಟೆಯ ಗಡಿಯಾರ, ಅಂದರೆ ತಲೆಯ ಮೇಲೆ ಜೋಡಿ ಬಟ್ಟಲು, ನಡುವೆ ಪುಟ್ಟ ಸುತ್ತಿಗೆ ಇರುವುದು, ನೋಡಲು ಬಲು ಚೆಂದ. ಇದರಲ್ಲಿ ಒಂದು ಮೋಸವೂ ಇದೆ. ಕೆಲವು ಅಗ್ಗದ ಮಾದರಿಗಳಲ್ಲಿ ಬಟ್ಟಲು ಬರೀ ಅಲಂಕಾರ, ಒಳಗೆ ಕೂಗುವುದು ಬಜರ್. ಅಲಾರಂ ಹೊಡೆಸಿ ನೋಡಿ: ಸುತ್ತಿಗೆ ಎರಡೂ ಬಟ್ಟಲಿಗೆ ಸರದಿಯಂತೆ ಬಡಿಯಬೇಕು, ಬಡಿಯುವಾಗ ಬಟ್ಟಲಿನ ಮೇಲೆ ಬೆರಳಿಟ್ಟರೆ ನಾದ ಸಾಯಬೇಕು. ನಾದ ಸಾಯದಿದ್ದರೆ ಅದು ಬಜರ್. ನಿಜವಾದ ಗಂಟೆಯಾದರೆ ಸದ್ದು ಜೋರು, ತಗ್ಗಿಸಲು ದಾರಿಯಿಲ್ಲ. ಪಕ್ಕದಲ್ಲಿ ತೊಟ್ಟಿಲಿರುವ ಕೋಣೆಗೆ ಇದನ್ನು ತರಬೇಡಿ.

ಸ್ನೂಜ್ ಎಷ್ಟು ನಿಮಿಷದ್ದು ಎಂದು ಕೇಳಿ ತಿಳಿಯಿರಿ. ಮಾದರಿಯಿಂದ ಮಾದರಿಗೆ 4ರಿಂದ 10 ನಿಮಿಷ.

5. ಈಗ ರೂಪ

ಒಂದು ಕೋಣೆಗೆ ಟೈಂಪೀಸು ಒಪ್ಪಬೇಕಾದರೆ ಕೋಣೆಯಲ್ಲಿ ಆಗಲೇ ಇರುವ ಒಂದು ವಸ್ತುವಿನ ಜೊತೆ ಅದಕ್ಕೆ ನಂಟಿರಬೇಕು. ಕೆಂಪು ಗಾರೆ ನೆಲ, ತೇಗದ ಮಂಚ ಇರುವ ಮನೆಯಲ್ಲಿ ಹಿತ್ತಾಳೆ ಅಂಚಿನ ಬಿಳಿ ಮುಖದ ಗಡಿಯಾರ ತಾನಾಗಿ ಕೂರುತ್ತದೆ. ಫ್ಲಾಟಿನ ಬಿಳಿ ಗೋಡೆ, ಲ್ಯಾಮಿನೇಟ್ ಪೀಠೋಪಕರಣಗಳ ನಡುವೆ ಮ್ಯಾಟ್ ಕಪ್ಪು ಅಥವಾ ಗಾಢ ಹಸಿರಿನ ಪುಟ್ಟ ಚೌಕ ಚೆನ್ನ. ನಂಟು ಒಂದು ಸಾಕು: ಬಾಗಿಲ ಹಿಡಿಯ ಲೋಹವೋ, ಪರದೆಯ ಬಣ್ಣವೋ, ದೀಪದ ಬುಡದ ಮರವೋ. ಎಲ್ಲದಕ್ಕೂ ಹೊಂದಿಸಲು ಹೋದರೆ ಹೋಟೆಲ್ ಕೋಣೆಯಂತಾಗುತ್ತದೆ.

ಮುಖವೇ ಅಂದದ ಮುಕ್ಕಾಲು ಪಾಲು. ಜರ್ಮನಿಯ ಬ್ರೌನ್ ಕಂಪನಿಗೆ ಡೀಟ್ರಿಶ್ ಲೂಬ್ಸ್ ರೂಪಿಸಿದ, 1987ರಲ್ಲಿ ಬಂದ ಎಬಿ 1 ಎಂಬ ಪುಟ್ಟ ಚೌಕದ ಗಡಿಯಾರವನ್ನು ಒಮ್ಮೆ ಚಿತ್ರದಲ್ಲಾದರೂ ನೋಡಿ. ಕಪ್ಪು ಮುಖ, ಬಿಳಿ ಅಂಕಿ, ಹಳದಿ ಸೆಕೆಂಡ್ ಮುಳ್ಳು, ಅಷ್ಟೇ. ಹೂಬಳ್ಳಿಯಿಲ್ಲ, ಚಿನ್ನದ ಗೆರೆಯಿಲ್ಲ. ಅಲ್ಲಿ ಬಣ್ಣ ಇರುವುದು ಮುಳ್ಳನ್ನು ಮುಳ್ಳಿನಿಂದ ಬೇರೆ ಮಾಡಿ ತೋರಿಸಲು. ಯಾವ ಬೆಲೆಯ ಗಡಿಯಾರಕ್ಕೂ ಇದೇ ಅಳತೆಗೋಲು ಹಿಡಿಯಿರಿ: ಗಂಟೆ ಮುಳ್ಳು ಮೋಟು, ದಪ್ಪ, ನಿಮಿಷದ ಮುಳ್ಳು ಉದ್ದ, ಅಂಚಿನ ಗೆರೆಯವರೆಗೆ ಮುಟ್ಟಬೇಕು, ಅಲಾರಂ ಮುಳ್ಳಿಗೆ ಬೇರೆಯದೇ ಬಣ್ಣ. ಕನ್ನಡಿಯಂತೆ ಹೊಳೆಯುವ ಮುಖದ ಡಿಜಿಟಲ್ ಗಡಿಯಾರಗಳಲ್ಲಿ ಹಗಲಿನಲ್ಲಿ ಅಂಕಿಗಿಂತ ಕಿಟಕಿಯೇ ಹೆಚ್ಚು ಕಾಣುತ್ತದೆ, ಬೆರಳಚ್ಚು ಬೇರೆ.

ಕರಾವಳಿಯವರಿಗೆ ಒಂದು ಮಾತು. ಉಪ್ಪುಗಾಳಿಗೆ ತೆಳು ಕ್ರೋಮ್ ಲೇಪದಲ್ಲಿ ಚುಕ್ಕೆ ಚುಕ್ಕೆ ತುಕ್ಕು ಏಳುತ್ತದೆ. ಬಣ್ಣ ಬಳಿದ ಲೋಹ, ಗಟ್ಟಿ ಮರ, ಒಳ್ಳೆಯ ಪ್ಲಾಸ್ಟಿಕ್ ಬಾಳಿಕೆ ಬರುತ್ತವೆ. ಹಿತ್ತಾಳೆಯಾದರೆ ಅದಕ್ಕೆ ವಾರ್ನಿಷ್ ಇದೆಯೇ ಎಂದು ಕೇಳಿ. ವಾರ್ನಿಷ್ ಇದ್ದುದಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಲೇಪ ಅಲ್ಲಲ್ಲಿ ಕಿತ್ತು ಮೈಯೆಲ್ಲ ಮಚ್ಚೆಯಾಗುತ್ತದೆ. ಒಣ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು.

6. ಮನೆಗೆ ತಂದ ಮೇಲೆ

ಮುಳ್ಳಿನ ಗಡಿಯಾರದ ಅಲಾರಂ 5–10 ನಿಮಿಷ ಆಚೀಚೆ ಹೊಡೆಯುವುದು ಸಾಮಾನ್ಯ. ಅದು ಎಷ್ಟೆಂದು ಮೊದಲೇ ಕಂಡುಕೊಂಡರೆ ಅದು ದೋಷವೇ ಅಲ್ಲ. ಸೆಲ್ಲು ಹಾಕಿ. ಅಲಾರಂ ಮುಳ್ಳನ್ನು ಸರಿಯಾಗಿ ಆರಕ್ಕೆ ತನ್ನಿ. ಹಿಂಬದಿಯಲ್ಲಿ ಬಾಣದ ಗುರುತು ಇರುತ್ತದೆ, ಆ ದಿಕ್ಕಿಗೆ ಮಾತ್ರ ತಿರುಗಿಸಿ. ಎದುರು ದಿಕ್ಕಿಗೆ ಬಲವಂತವಾಗಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ ಹಲ್ಲು ಸವೆದು, ಮುಂದೆ ಅಲಾರಂ ದಿನಕ್ಕೊಂದು ಹೊತ್ತಿಗೆ ಹೊಡೆಯತೊಡಗುತ್ತದೆ. ಅಲಾರಂ ಸ್ವಿಚ್ ಹಾಕಿ, ಈಗ ಸಮಯದ ಗುಂಡಿ ತಿರುಗಿಸುತ್ತ ನಿಮಿಷದ ಮುಳ್ಳನ್ನು ಐದೂವರೆಯಿಂದ ನಿಧಾನವಾಗಿ ಮುಂದಕ್ಕೆ ಒಯ್ಯಿರಿ. ಸದ್ದು ಶುರುವಾದ ಕ್ಷಣ ನಿಲ್ಲಿಸಿ. ಮುಖದ ಮೇಲೆ 6:07 ಇದ್ದರೆ ನಿಮ್ಮ ಗಡಿಯಾರ ಏಳು ನಿಮಿಷ ತಡ. ಮುಂದೆ ಯಾವಾಗಲೂ ಅಲಾರಂ ಮುಳ್ಳನ್ನು ಅಷ್ಟು ಹಿಂದಕ್ಕೆ ಇಡಿ. ಹಿಂಬದಿಯಲ್ಲಿ ಚೀಟಿ ಅಂಟಿಸಿ ಬರೆದಿಟ್ಟರೆ ಮನೆಯವರಿಗೆಲ್ಲ ಅನುಕೂಲ.

ಈ ಗಡಿಯಾರಗಳಿಗೆ ಬೆಳಗಿನ ಆರು, ಸಂಜೆಯ ಆರು ಎರಡೂ ಒಂದೇ. ಸಂಜೆ ಆರಕ್ಕೆ ಮುಂಚೆ ಸ್ವಿಚ್ ಹಾಕಿಟ್ಟರೆ ಸಂಜೆಯೇ ಹೊಡೆಯುತ್ತದೆ. ಮಲಗುವ ಹೊತ್ತಿಗೆ ಹಾಕುವ ಅಭ್ಯಾಸ ಮಾಡಿಕೊಳ್ಳಿ. ಡಿಜಿಟಲ್ ಗಡಿಯಾರ 12 ಗಂಟೆಯ ಕ್ರಮದಲ್ಲಿದ್ದರೆ ಎಎಂ, ಪಿಎಂ ಸೂಚಿಸುವ ಚುಕ್ಕೆ ಕಣ್ತಪ್ಪುವಷ್ಟು ಸಣ್ಣದಿರುತ್ತದೆ. 24 ಗಂಟೆಯ ಕ್ರಮಕ್ಕೆ ಬದಲಿಸಿದರೆ ಆ ತಪ್ಪೇ ಆಗದು.

ಮೊದಲ ಅಲಾರಂ ರಜೆಯ ದಿನಕ್ಕೆ ಇಡಿ. ಟಿಕ್ ಸದ್ದು ಮೇಜಿನ ಮೂಲಕ ದೊಡ್ಡದಾಗಿ ಕೇಳುತ್ತಿದ್ದರೆ ಕೆಳಗೆ ಮಡಚಿದ ಕರವಸ್ತ್ರ ಅಥವಾ 3 ಮಿ.ಮೀ. ಕಾರ್ಕ್ ಹಾಳೆ ಇಡಿ. ಖಾಲಿ ಡ್ರಾಯರಿನ ಮೇಜು ಡೋಲಿನಂತೆ ಸದ್ದನ್ನು ಹೆಚ್ಚಿಸುತ್ತದೆ.

ಅಮೆರಿಕದಿಂದ ತಂದ ಗಡಿಯಾರ

ಮಕ್ಕಳು ಅಲ್ಲಿಂದ ಕಳಿಸುವ ಚೆಂದದ ಪ್ಲಗ್ ಗಡಿಯಾರಗಳಲ್ಲಿ ಕೆಲವು ಕರೆಂಟಿನ ಮಿಡಿತವನ್ನೇ ಎಣಿಸಿ ಸಮಯ ಹೇಳುತ್ತವೆ. ಅಲ್ಲಿ 120 ವೋಲ್ಟ್, 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಮಿಡಿತ. ಇಲ್ಲಿ 230 ವೋಲ್ಟ್, 50 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಇಳಿಯುತ್ತದೆ, ಮಿಡಿತ ಬದಲಾಗದು. ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ: ರಾತ್ರಿ ಹತ್ತಕ್ಕೆ ಸರಿಮಾಡಿ ಮಲಗಿದರೆ ಬೆಳಗ್ಗೆ ಆರಕ್ಕೆ ಅದು ತೋರಿಸುವುದು 4:40. ಹಿಂಬದಿಯಲ್ಲಿ 50/60 ಸ್ವಿಚ್ಚಿದ್ದರೆ ಸರಿ, ಇಲ್ಲವಾದರೆ ಅದು ಅಲ್ಲಿಗೇ ಸರಿ. ಯುಎಸ್‌ಬಿ ಅಥವಾ ಅಡಾಪ್ಟರಿನಿಂದ ನೇರ ವಿದ್ಯುತ್ (ಡಿಸಿ) ಪಡೆಯುವ ಗಡಿಯಾರಗಳಿಗೆ ಈ ತೊಡಕಿಲ್ಲ. ಅಡಾಪ್ಟರಿನ ಮೇಲೆ 100–240 ಎಂದಿರುವುದನ್ನು ಮಾತ್ರ ನೋಡಿಕೊಳ್ಳಿ. ‘ಅಟಾಮಿಕ್’ ಎಂದು ಮಾರುವವು ಕೊಲರಾಡೊದ ರೇಡಿಯೊ ಸಂಕೇತ ಹಿಡಿದು ತಾವೇ ಸರಿಹೋಗುವಂಥವು. ಆ ಸಂಕೇತ ಇಲ್ಲಿಗೆ ನೆಚ್ಚುವ ಹಾಗೆ ತಲುಪದು. ಕೈಯಿಂದ ಸಮಯ ಇಟ್ಟು ಸಾದಾ ಗಡಿಯಾರದಂತೆ ಬಳಸಬಹುದು.

ಹಳೆಯದನ್ನು ಕೊಳ್ಳುವವರಿಗೆ

ಬೆಂಗಳೂರಿನ ಸಂಡೇ ಬಜಾರಿನಂಥ ಕಡೆ ಹಳೆಯ ಕೀ ಗಡಿಯಾರಗಳು ಸಿಗುತ್ತವೆ. ಕಿವಿಯ ಬಳಿ ಹಿಡಿದು ಟಿಕ್–ಟಾಕ್ ಎರಡರ ನಡುವಿನ ಬಿಡುವು ಸಮನಾಗಿದೆಯೇ ಕೇಳಿ, ಕುಂಟುವ ಹೆಜ್ಜೆಯಂತೆ ಕೇಳಿಸಿದರೆ ರಿಪೇರಿ ಬೇಕು. ಕೀ ತಿರುಗಿಸಿದಷ್ಟೂ ತಿರುಗುತ್ತಿದ್ದರೆ ಸ್ಪ್ರಿಂಗ್ ಮುರಿದಿದೆ. ಎಲ್ಲಕ್ಕಿಂತ ಮುಖ್ಯ, 1970ರ ದಶಕಕ್ಕೂ ಹಿಂದಿನ ಗಡಿಯಾರದ ಅಂಕಿಗಳ ಮೇಲೆ ಕಂದಿದ ಕೆನೆಬಣ್ಣದ ಬಳಿತವಿದ್ದರೆ ಅದು ವಿಕಿರಣ ಸೂಸುವ ನಿಜವಾದ ರೇಡಿಯಂ ಇರಬಹುದು. ಹೊಳೆಯುತ್ತಿಲ್ಲ ಎಂದರೆ ಅಪಾಯ ಮುಗಿದಿದೆ ಎಂದಲ್ಲ. ಸವೆದದ್ದು ಹೊಳಪು ಕೊಡುವ ಪುಡಿ, ರೇಡಿಯಂ ಅರ್ಧವಾಗಲು 1,600 ವರ್ಷ ಬೇಕು. ಅಂಥದರ ಗಾಜು ಬಿಚ್ಚಬೇಡಿ, ಮುಳ್ಳು ಕೆರೆಯಬೇಡಿ, ತಲೆದೆಸೆಯಲ್ಲಿ ಇಡಬೇಡಿ.

ಸೆಲ್ಲಿನ ಆರೈಕೆ

ಸೆಲ್ಲನ್ನು ಅದು ಸಾಯುವವರೆಗೆ ಬಿಡಬೇಡಿ. ವರ್ಷಕ್ಕೊಮ್ಮೆ, ಯುಗಾದಿಗೋ ಹುಟ್ಟುಹಬ್ಬಕ್ಕೋ, ಬದಲಿಸಿ. ಸೆಲ್ಲು ಬಡವಾದಾಗ ಮುಳ್ಳು ನಡೆಯುತ್ತಲೇ ಇದ್ದು ಅಲಾರಂ ಮಾತ್ರ ಕೈಕೊಡುತ್ತದೆ, ಏಕೆಂದರೆ ಗಂಟೆ ಬಡಿಯಲು ಮುಳ್ಳಿಗಿಂತ ಎಷ್ಟೋ ಪಾಲು ಹೆಚ್ಚು ವಿದ್ಯುತ್ ಬೇಕು. ಸದ್ದು ಕ್ಷೀಣವಾದರೆ ಅಂದೇ ಬದಲಿಸಿ. ರೀಚಾರ್ಜ್ ಸೆಲ್ಲು 1.2 ವೋಲ್ಟಿನದು, ಸಾದಾ ಸೆಲ್ಲು 1.5, ಗಂಟೆಯ ಗಡಿಯಾರಕ್ಕೆ ಸಾದಾ ಸೆಲ್ಲೇ ಹೊಂದುತ್ತದೆ.

ಸೆಲ್ಲು ಸೋರಿ ತಗಡಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಗಡಿಯಾರ ಎಸೆಯಬೇಕಿಲ್ಲ. ಸೆಲ್ಲು ತೆಗೆದು, ಅದು ಆಲ್ಕಲೈನ್ ಆಗಿದ್ದರೆ ಹತ್ತಿ ಸುತ್ತಿದ ಕಡ್ಡಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿ ಉಜ್ಜಿ, ಪುಡಿ ನೊರೆಯಾಗಿ ಕರಗುತ್ತದೆ. ಸಾದಾ ಜಿಂಕ್ ಸೆಲ್ಲಾಗಿದ್ದರೆ ಅದರ ಸೋರಿಕೆ ಹುಳಿ ಗುಣದ್ದು, ಅಡುಗೆ ಸೋಡಾ ಕಲಸಿದ ನೀರು ಬಳಸಬೇಕು. ಆಮೇಲೆ ಒದ್ದೆ ಹತ್ತಿಯಲ್ಲಿ ಒರೆಸಿ, ಒಂದು ದಿನ ಮುಚ್ಚಳ ತೆರೆದು ನೆರಳಲ್ಲಿ ಒಣಗಿಸಿ. ತಗಡಿನ ಮೇಲೆ ಇನ್ನೂ ಕಪ್ಪಿದ್ದರೆ ನಯವಾದ ಉಪ್ಪುಕಾಗದದಿಂದ ಹೊಳೆಯುವವರೆಗೆ ತಿಕ್ಕಿ, ಸ್ಪ್ರಿಂಗನ್ನು ಸ್ವಲ್ಪ ಮುಂದಕ್ಕೆ ಎಳೆದು ಹೊಸ ಸೆಲ್ಲು ಹಾಕಿ. ಊರಿಗೆ ಹೋಗಿ ಎರಡು ತಿಂಗಳು ಮನೆ ಬೀಗ ಹಾಕುವುದಿದ್ದರೆ ಹೊರಡುವ ದಿನವೇ ಸೆಲ್ಲು ತೆಗೆದಿಡಿ.